ತೂಕಕ್ಕೆ ತಂದಿಟ್ಟ ಬೆಲ್ಲ

ಮೊನ್ನೆ ಪುತ್ತೂರಿನಲ್ಲಿ ನಾನು ಯಾವಾಗಲೂ ಸಾಮಾನು ತರುವ ಅಂಗಡಿಯಲ್ಲಿ ಬೆಲ್ಲದ ಗೋಣಿಯೊಂದು ನೀರೊಡೆದು ಕೂತಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಬೆಲ್ಲದ ಕತೆ ಹಾಗೆಯೇ. ಎಷ್ಟು ಜೋಪಾನ ಮಾಡಿದರೂ ಬೆವರುತ್ತದೆ, ಅಂಟಂಟಾಗುತ್ತದೆ, ಆಮೇಲೆ ಕಂದು ನೀರಾಗಿ ಇಳಿಯುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಸ್ವಲ್ಪ ಒದ್ದೆ ಗೋಣಿಯದ್ದು... ಆ ವಾಸನೆ. ಅಂಗಡಿಯವರು ಗೋಣಿಯನ್ನು ಕಾಲಿನಲ್ಲಿ ಆಚೆ ನೂಕಿ, ಒಳಗೆ ಒಳ್ಳೆಯದು ಉಂಟು, ಕೊಡುತ್ತೇನೆ ಅಂದರು. ನನಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯಿತು, ಬೆಲ್ಲಕ್ಕೆಂದು ಹೋದವಳೇ ಅಲ್ಲ. ಉದ್ದಿನಬೇಳೆ ತೆಗೆದುಕೊಂಡು ಮನೆಗೆ ಬಂದೆ. ಕೈಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. ಟೀಚರ್ ನೆನಪಾದರು.

ಎಮರ್ಜೆನ್ಸಿ ಮುಗಿದ ಮರುವರ್ಷ ನನಗೆ ಕಡಬದ ಕಡೆಯ ಒಂದು ಸಣ್ಣ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷ. ಊರವರಿಗೆ ನಾನು ಬಾಯಮ್ಮ. ನಮ್ಮಲ್ಲಿ ನರ್ಸುಗಳನ್ನು ಹಾಗೇ ಕರೆಯುವುದು. ಉಳಿಯಲು ಕೋಣೆ ಹುಡುಕುವಾಗ ಎಲ್ಲರೂ ಒಂದೇ ಮನೆ ತೋರಿಸಿದರು, ಶಾಲೆಯಲ್ಲಿ ಲೆಕ್ಕ ಕಲಿಸುವ ಟೀಚರ್ ಮನೆ. ಪೇಟೆಯಿಂದ ಐದು ನಿಮಿಷ, ರಸ್ತೆಗೆ ಮುಖ ಮಾಡಿದ ಸಣ್ಣ ಹಂಚಿನ ಮನೆ. ಟೀಚರ್ ಮತ್ತು ಅವರ ಅಮ್ಮ, ಇಬ್ಬರೇ. ತುಳು ಮಾತಾಡುವ ಮನೆ, ನನ್ನದೂ ತುಳುವೇ, ಹಾಗಾಗಿ ಮೂರು ದಿನದಲ್ಲಿ ಬಾಡಿಗೆಯವಳು ಎನ್ನುವ ಸಂಕೋಚ ಹೋಯಿತು. ಟೀಚರ್‌ಗೆ ಮಾತ್ರ ಕನ್ನಡದ ಚಟ, ಶಾಲೆಯ ಅಭ್ಯಾಸ. ಅಮ್ಮನ ಮಾತೆಲ್ಲ ತುಳುವಿನದ್ದು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ದನಿ ಅರ್ಧ ಹೋಗಿದೆ, ಏನು ಮಾಡುವುದು.

ಟೀಚರ್‌ಗೆ ಆಗ ಮೂವತ್ತನಾಲ್ಕೋ ಮೂವತ್ತೈದೋ. ಮದುವೆಯಾಗಿರಲಿಲ್ಲ. ದಪ್ಪ ಇದ್ದರು. ದಪ್ಪ ಎಂದರೆ ದಪ್ಪವೇ, ಬೇರೆ ಶಬ್ದ ಹುಡುಕಿದರೆ ಅವರಿಗೇ ಸಿಟ್ಟು ಬರುತ್ತಿತ್ತು. ‘ಮೈ ತುಂಬಿದವರು’ ಅಂತ ಯಾರೋ ಹೇಳಿದ್ದಕ್ಕೆ, ತುಂಬಲಿಕ್ಕೆ ನಾನೆಂತ ಕೊಡಪಾನವಾ ಎಂದು ಕೇಳಿದ್ದರಂತೆ. ದೊಡ್ಡ ನಗು, ದೊಡ್ಡ ದನಿ. ಎರಡು ಕ್ಲಾಸಿನಾಚೆಯ ಮಕ್ಕಳೂ ಅವರ ಮಗ್ಗಿ ಕೇಳಿಯೇ ಕಲಿಯುತ್ತಿದ್ದರು.

ನನ್ನ ಕೋಣೆಯ ಮೇಲೆ ಹಲಗೆ ಹಾಸಿದ ಅಟ್ಟ. ಮೊದಲ ದಿನವೇ ಅಲ್ಲಿಂದ ಬೆಲ್ಲದ ವಾಸನೆ ಇಳಿಯುತ್ತಿತ್ತು. ಒಂದೆರಡು ಉಂಡೆಯ ವಾಸನೆಯಲ್ಲ ಅದು, ಅಂಗಡಿ ಇಡುವಷ್ಟು ಬೆಲ್ಲದ ವಾಸನೆ. ಅಷ್ಟು ಬೆಲ್ಲ ಯಾಕೆ ಎಂದು ಕೇಳಿದೆ.

“ಮೇಲೆ ಇರುದು ನಾನೇ ಮಾರಾಯ್ತಿ, ಬೆಲ್ಲ ಆಗಿ ಕೂತಿದ್ದೇನೆ” ಅಂದರು ಟೀಚರ್.

ವಿವರ ಹೇಳಿದ್ದು ಅಮ್ಮ. ಟೀಚರ್‌ಗೆ ಏಳು ವರ್ಷವಿದ್ದಾಗ ವಿಷಮಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದರಂತೆ. ಉಳಿಯುವುದು ಕಷ್ಟ ಎಂದಾಗ ಅಮ್ಮ ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಕೊಂಡರು. ಮಗಳು ಎದ್ದು ನಡೆದರೆ ಅವಳ ತೂಕದಷ್ಟು ಬೆಲ್ಲದ ತುಲಾಭಾರ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗಳು, ಇನ್ನೊಂದರಲ್ಲಿ ಬೆಲ್ಲ. ಮಗಳು ಎದ್ದಳು. ಆದರೆ ಆ ವರ್ಷ ಅಪ್ಪ ತೀರಿಕೊಂಡರು, ಮರುವರ್ಷ ಮನೆ ಪಾಲಾಯಿತು, ಆಮೇಲೆ ಅದು ಇದು... ಹರಕೆ ಬಾಕಿಯಾಯಿತು. ಆಗಲೇ ಕೂರಿಸಿದ್ದರೆ ಒಂದು ಬುಟ್ಟಿ ಬೆಲ್ಲದಲ್ಲಿ ಮುಗಿಯುತ್ತಿತ್ತು ಎಂದು ಅಮ್ಮ ಹೇಳುವಾಗ ಒಳಗಿನಿಂದ ಟೀಚರ್ ಬೇಕೆಂದೇ ಜೋರಾಗಿ ಕೆಮ್ಮಿದರು.

ಟೀಚರ್ ಹನ್ನೆರಡರ ಹುಡುಗಿಯಾಗಿದ್ದಾಗ ಅವರ ಸಂಬಂಧಿಕರ ಮಗುವಿನ ತುಲಾಭಾರಕ್ಕೆ ಹೋಗಿದ್ದರು. ಅಲ್ಲಿ ಯಾರೋ ಹೆಂಗಸು, ಇನ್ನು ಇವಳನ್ನು ಕೂರಿಸಿದರೆ ಸರಪಳಿ ತುಂಡಾದೀತು ಎಂದರಂತೆ. ಇಡೀ ಗುಂಪು ನಕ್ಕಿತು. ಹೇಳಿದ ಹೆಂಗಸಿಗೆ ಸಂಜೆಯೊಳಗೆ ಮರೆತಿರುತ್ತದೆ. ಟೀಚರ್ ಮಾತ್ರ ಆ ದಿನದಿಂದ ಹರಕೆಯ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಅಮ್ಮ ಇಪ್ಪತ್ತು ವರ್ಷ ಹೇಳಿ ನೋಡಿದರು. ಕೊನೆಗೆ ಬೆಲ್ಲ ತಂದಿಟ್ಟರೆ ಕೂರದೆ ಏನು ಮಾಡಿಯಾಳು ಎಂದು, ನಾನು ಬರುವುದಕ್ಕೆ ತಿಂಗಳು ಮೊದಲು ತಮ್ಮನ ಮೂಲಕ ನೂರು ಕಿಲೋ ಬೆಲ್ಲ ತರಿಸಿ, ಬೈಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿ ತುಂಬಿ ಅಟ್ಟಕ್ಕೆ ಏರಿಸಿದರು. ಅದು ಮುಡಿಪು, ದೇವರಿಗೆ ತೆಗೆದಿಟ್ಟದ್ದು, ಬೇರೆ ಯಾರೂ ಮುಟ್ಟುವಂತಿಲ್ಲ.

ಬೆಲ್ಲಕ್ಕಿಂತ ಟೀಚರ್‌ಗೆ ಚುಚ್ಚಿದ್ದು ಆ ನೂರು. ಅಮ್ಮ ಕಣ್ಣಂದಾಜಿನಲ್ಲಿ ಹೇಳಿದ ನೂರು. ಅದನ್ನು ಸುಳ್ಳು ಮಾಡಿ ತೋರಿಸಬೇಕೆಂದೇ ಒಂದು ಭಾನುವಾರ ಬೆಳಿಗ್ಗೆ ನನ್ನ ಜೊತೆ ಆಸ್ಪತ್ರೆಗೆ ಬಂದರು. ನಮ್ಮಲ್ಲಿ ನಿಂತು ತೂಗುವ ತಕ್ಕಡಿಯೊಂದಿತ್ತು, ಎದುರಿನ ಕಡ್ಡಿಯಲ್ಲಿ ಗುಂಡು ಸರಿಸುವಂಥದ್ದು. ಭಾನುವಾರ ಯಾರೂ ಇರುವುದಿಲ್ಲ, ಬೀಗದ ಕೈ ನನ್ನಲ್ಲಿರುತ್ತಿತ್ತು. ಟೀಚರ್ ಚಪ್ಪಲಿ ಬಿಟ್ಟರು, ವಾಚು ಬಿಚ್ಚಿದರು, ಬಳೆ ಬಿಚ್ಚಿದರು, ತಲೆಯ ಪಿನ್ನುಗಳನ್ನೂ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹತ್ತಿ ನಿಂತು ಕಣ್ಣು ಮುಚ್ಚಿಕೊಂಡರು. ನಾನು ಗುಂಡು ಸರಿಸಿ, ತೊಂಬತ್ತನಾಲ್ಕು ಅಂದೆ.

“ನೋಡು, ಎಂತದೂ ಮಾಡದೆ ಆರು ಕಿಲೋ ಇಳಿದೆ” ಅಂದರು ಕಣ್ಣು ಬಿಟ್ಟು.

ಮನೆಗೆ ಬಂದವರೇ ಅಟ್ಟ ಹತ್ತಿ ಆರು ಕಿಲೋ ಬೆಲ್ಲ ಇಳಿಸಿದರು. ಜಗಲಿಯಲ್ಲಿ ಒಂದು ಹರಿವಾಣ, ಪಕ್ಕದಲ್ಲಿ ನೀರಿನ ಚೆಂಬು. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಕ್ರಮ. ಟೀಚರ್ ಅವತ್ತು ಬಂದವರಿಗೆ ಮಾತ್ರವಲ್ಲ, ರಸ್ತೆಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆದು ಕೊಟ್ಟರು. ಅಮ್ಮ ಬಾಗಿಲಿಗೆ ಬಂದರು. ಮುಡಿಪಿನದ್ದನ್ನು ತಿನ್ನುವುದುಂಟಾ, ಹಾಳಾಗಿ ಹೋಗುತ್ತೇವೆ ಎಂದರು. ಟೀಚರ್ ಅಮ್ಮನಿಗೂ ಲೆಕ್ಕವನ್ನೇ ಕಲಿಸಿದರು.

“ನೀವು ದೇವರಿಗೆ ಹೇಳಿದ್ದು ನನ್ನ ತೂಕದಷ್ಟು. ಅದಕ್ಕಿಂತ ಹೆಚ್ಚಿದ್ದದ್ದು ನಂದೂ ಅಲ್ಲ, ದೇವರದ್ದೂ ಅಲ್ಲ.”

ಅಮ್ಮ ಆಮೇಲೆ ಅಡ್ಡ ಬರಲಿಲ್ಲ. ಬಾಯಿಗೆ ಮಾತ್ರ ಒಂದು ಚೂರನ್ನೂ ಹಾಕಲಿಲ್ಲ. ಟೀಚರ್ ತಾವು ಹುಣಸೆ ಬೀಜದಷ್ಟು ತಿಂದು ಕೈ ತೊಳೆದರು. ನಾನು ಚೆನ್ನಾಗಿಯೇ ತಿಂದೆ.

ಆ ಸಂಜೆ ಟೀಚರ್ ಒಪ್ಪಂದ ಹಾಕಿದರು. ತೂಕ ಎಪ್ಪತ್ತು ಕಿಲೋ ಆದ ದಿನ ಸುಬ್ರಹ್ಮಣ್ಯಕ್ಕೆ ಹೋಗಿ ಕೂರುತ್ತೇನೆ. ಯಾಕೆ ಎಪ್ಪತ್ತು ಎಂದರೆ, ಎಪ್ಪತ್ತರ ಹೆಂಗಸರು ಊರು ತುಂಬ ಇದ್ದಾರೆ, ಯಾರೂ ತಿರುಗಿ ನೋಡುವುದಿಲ್ಲ. ಅಮ್ಮನ ಮುಖ ಅರಳಿತು. ಅವರಿಗೆ ಬೇಕಾದದ್ದು ಒಂದೇ, ಕಣ್ಣು ಮುಚ್ಚುವ ಮೊದಲು ಮಗಳು ಆ ತಟ್ಟೆಯಲ್ಲಿ ಕೂತದ್ದನ್ನು ನೋಡುವುದು. ದೇವರ ಎದುರು ಮಾತು ತಪ್ಪಿದವಳಾಗಿ ಸಾಯುವುದಿಲ್ಲ ನಾನು ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಆಮೇಲಿನ ಹತ್ತು ತಿಂಗಳು ಆ ಮನೆಯಲ್ಲಿ ತೆಂಗಿನಕಾಯಿ ಹೋಯಿತು. ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಾಯಿ ಹಾಕದ ಬಸಳೆ, ಕಾಯಿ ಹಾಕದ ಮೀನುಸಾರು. ನಾನೂ ಅದನ್ನೇ ಉಂಡೆ, ಗ್ರಹಚಾರ. ಟೀಚರ್ ಬೆಳಿಗ್ಗೆ ಗಂಜಿಯ ತಿಳಿ ಮಾತ್ರ ಕುಡಿಯುತ್ತಿದ್ದರು, ಮಧ್ಯಾಹ್ನ ಹುರುಳಿ, ಬಾಳೆದಿಂಡು. ಶಾಲೆಗೆ ನಡೆದು ಹೋಗಿ ನಡೆದು ಬರುತ್ತಿದ್ದರು, ಸಾಲದ್ದಕ್ಕೆ ಸಂಜೆ ಮರ್ದಾಳದ ದಾರಿಯಲ್ಲಿ ಒಂದು ಸುತ್ತು. ಮಳೆಯಲ್ಲಿ ಕೊಡೆ ಹಿಡಿದು ಏದುಸಿರು ಬಿಡುತ್ತ ಬರುವವರನ್ನು ನೋಡಿ ಜನ, ಟೀಚರ್ ಯಾರನ್ನು ಹುಡುಕುತ್ತಿದ್ದಾರೆ ಎಂದು ನನ್ನಲ್ಲಿ ಕೇಳುತ್ತಿದ್ದರು.

ಪ್ರತಿ ಭಾನುವಾರ ತಕ್ಕಡಿ. ಅದೇ ಬಳೆ ಬಿಚ್ಚುವುದು, ಪಿನ್ನು ತೆಗೆಯುವುದು, ಕಣ್ಣು ಮುಚ್ಚಿ ನಿಲ್ಲುವುದು. ಅವರು ಕಡ್ಡಿಯನ್ನು ಒಮ್ಮೆಯೂ ನೋಡಿದವರಲ್ಲ. ನಾನು ಹೇಳಿದ್ದೇ ತೂಕ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. ಟ್ರೈನಿಂಗಿನಲ್ಲಿ ಒಮ್ಮೆ ಹಸುಗೂಸಿನ ತೂಕವನ್ನು ಅಂದಾಜಿಗೆ ಬರೆದು ಎಲ್ಲರೆದುರು ಬೈಸಿಕೊಂಡಿದ್ದೆ. ಅಲ್ಲಿಂದ ಕಾಲು ಕಿಲೋ ಕೂಡ ಆಚೀಚೆ ಹೇಳಿದವಳಲ್ಲ ನಾನು.

ತೂಕ ಒಂದೊಂದು ಐದರ ಗಡಿಗೆ ಬಂದಾಗಲೂ, ಕಡಿಮೆಯಾದಷ್ಟು ಬೆಲ್ಲ ಅಟ್ಟದಿಂದ ಇಳಿಯುತ್ತಿತ್ತು. ತೊಂಬತ್ತಾದಾಗ ಶಾಲೆಯ ಮಕ್ಕಳಿಗೆಲ್ಲ ಹೆಸರುಬೇಳೆ ಪಾಯಸ. ಯಾಕೆ ಪಾಯಸ ಎಂದು ಕೇಳಿದ ಹೆಡ್ಮಾಸ್ತರಿಗೆ, ನಾನು ನಾಲ್ಕು ಕಿಲೋ ಕಡಿಮೆ ಇದ್ದೇನೆ ಸಾರ್, ನಿಮಗೆ ಗೊತ್ತಾಗ್ಲಿಲ್ವಾ ಎಂದರಂತೆ. ಎಂಬತ್ತೈದಕ್ಕೆ ಟೈಲರಣ್ಣನಿಗೆ ಒಂದು ಉಂಡೆ ಸಿಕ್ಕಿತು, ಏಕೆಂದರೆ ಆರು ರವಿಕೆಗಳ ಹೊಲಿಗೆ ಬಿಚ್ಚಿ ಹಿಡಿಸಿ ಕೊಟ್ಟಿದ್ದ. ಎಂಬತ್ತು ಆಗುವುದಕ್ಕೆ ವಾರ ಮೊದಲೇ ಒಂದು ಹಬ್ಬವಾಯಿತು. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಟೀಚರ್ ಕೂತರೆ ಪಕ್ಕದಲ್ಲಿ ಒಬ್ಬರಿಗೆ ಮಾತ್ರ ಜಾಗ. ಕಂಡಕ್ಟರುಗಳಿಗೂ ಗೊತ್ತು, ಮೂರನೆಯವರನ್ನು ಆ ಸೀಟಿಗೆ ಕಳಿಸುತ್ತಿರಲಿಲ್ಲ. ಪುತ್ತೂರಿನಿಂದ ಬರುವಾಗ ಹೊಸ ಕಂಡಕ್ಟರನೊಬ್ಬ ಏನೂ ಯೋಚಿಸದೆ, ಅಕ್ಕ ಸ್ವಲ್ಪ ಒತ್ತಿ ಎಂದು ಮೂರನೆಯ ಹೆಂಗಸನ್ನು ಕೂರಿಸಿಬಿಟ್ಟ. ಕೂತರು. ಹಿಡಿಯಿತು. ಆ ಕತೆಯನ್ನು ಟೀಚರ್ ಮೂರು ದಿನ ಹೇಳಿದರು, ಕೇಳಿದವರಿಗೆಲ್ಲ ಬೆಲ್ಲ ಕೊಟ್ಟರು. ನಾನು ಆರು ಸಲ ಕೇಳಿದೆ, ಆರು ಸಲವೂ ತಿಂದೆ.

ಎಪ್ಪತ್ತೈದಾದದ್ದು ಏಪ್ರಿಲಿನಲ್ಲಿ. ಆ ದಿನ ಹರಿವಾಣ ಹಿಡಿದುಕೊಂಡು ಹೊರಟ ಮಗಳನ್ನು ಅಮ್ಮ ಕರೆದು ಒಂದು ಚೂರು ತೆಗೆದುಕೊಂಡರು. ಹತ್ತು ತಿಂಗಳಲ್ಲಿ ಅವರು ಮೊದಲ ಬಾರಿ ಆ ಬೆಲ್ಲ ತಿಂದದ್ದು. ಇನ್ನು ಐದೇ ಅಲ್ವಾ ಅಂದರು. ಟೀಚರ್ ಅಳುತ್ತಿದ್ದರು. ನನಗೆ ಆ ಮನೆ ನನ್ನದೇ ಎನಿಸಿದ ದಿನ ಅದು, ಈಗಲೂ ಅದನ್ನು ಬರೆಯುವಾಗ ಏನಾದರೂ ಅನಿಸಬೇಕಿತ್ತು. ಯಾಕೋ ಅನಿಸುತ್ತಿಲ್ಲ.

ಅಷ್ಟರಲ್ಲಿ ಅಮ್ಮನ ಕಾಲು ಊದಲು ಶುರುವಾಗಿತ್ತು. ಹೆಬ್ಬೆಟ್ಟಿನಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಸಾಲದು. ಡಾಕ್ಟರು ನೋಡಿ, ಹೃದಯ ಸೋತಿದೆ, ಮಳೆಗಾಲ ದಾಟುವುದು ಕಷ್ಟ ಎಂದು ನನ್ನಲ್ಲಿ ಹೇಳಿದರು. ನಾನು ಟೀಚರ್‌ಗೆ ಅಷ್ಟನ್ನೂ ಹೇಳಲಿಲ್ಲ. ಸ್ವಲ್ಪ ಬೇಗ ಹೋಗಿ ಬರುವುದು ಒಳ್ಳೆಯದು ಅಂದೆ. ಆಯ್ತು ಮಾರಾಯ್ತಿ, ಎಪ್ಪತ್ತಾಗಲಿ ಎಂದರು. ನಿಜ ಹೇಳಬೇಕೆಂದರೆ ಎಪ್ಪತ್ತರ ಹುಚ್ಚು ಆಗ ಅವರಿಗಿಂತ ನನಗೇ ಜಾಸ್ತಿಯಾಗಿತ್ತು. ಹತ್ತು ತಿಂಗಳು ನಾನು ಇಳಿಸಿದ ತೂಕವೇನೋ ಎನ್ನುವ ಹಾಗೆ ನಡೆದುಕೊಳ್ಳುತ್ತಿದ್ದೆ. ಒಂದು ಭಾನುವಾರ ಅರ್ಧ ಕಿಲೋ ಏರಿದ್ದಕ್ಕೆ, ಹಲಸಿನ ಹಣ್ಣು ತಿಂದಿರಾ ಎಂದು ಅವರನ್ನು ಗದರಿಸಿದ್ದೂ ಉಂಟು. ನನಗಿಂತ ಹನ್ನೆರಡು ವರ್ಷ ದೊಡ್ಡವರನ್ನು.

ಎಪ್ಪತ್ತಮೂರರ ಹತ್ತಿರ ಬಂದು ತೂಕ ನಿಂತುಬಿಟ್ಟಿತು. ಹಾಗೆ ಆಗುವುದುಂಟು. ಮೇ ತಿಂಗಳು, ಶಾಲೆಗೆ ರಜೆ. ಒಂದು ಶನಿವಾರ ಮಧ್ಯಾಹ್ನ ಟೀಚರ್ ಪೇಟೆಗೆ ಹೋದ ಹೊತ್ತಿಗೆ ಅಮ್ಮ ನನ್ನನ್ನು ಒಳಗೆ ಕರೆದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒರಗಿಸಿ ಕೂತಿದ್ದರು. ಬಾಗಿಲು ಹಾಕು ಅಂದರು. ಹಾಕಿದೆ.

“ಮಗಾ, ನಾಳೆ ಎಪ್ಪತ್ತು ಆಯ್ತು ಅಂತ ಹೇಳು.”

ನನಗೆ ಕೂಡಲೇ ಅರ್ಥವಾಗಲಿಲ್ಲ.

“ಅವಳು ಕಡ್ಡಿ ನೋಡುದಿಲ್ಲ, ನಿನ್ನ ಬಾಯಿ ನೋಡುದು. ನೀನು ಹೇಳಿದ್ರೆ ಸೋಮವಾರವೇ ಹೊರಡ್ತಾಳೆ. ಜೀಪಿನಲ್ಲಿ ನಾನು ಬರ್ತೇನೆ, ಅಷ್ಟು ಜೀವ ಉಂಟು ನನ್ನಲ್ಲಿ. ಮಳೆ ಹಿಡಿದ್ರೆ ಆಗ್ಲಿಕ್ಕಿಲ್ಲ.”

ಇಲ್ಲದ್ದನ್ನು ಹೇಗೆ ಹೇಳುವುದಮ್ಮ ಎಂದೆ ನಾನು. ಅಲ್ಲಿ ಕೂತಾಗ ಬೆಲ್ಲ ಹೆಚ್ಚು ಬೇಕಾದರೆ ಗೊತ್ತಾಗುವುದಿಲ್ಲವಾ, ಟೀಚರ್‌ಗೆ ಎಷ್ಟು ಬೇಜಾರಾದೀತು, ಇನ್ನು ಎರಡು ವಾರ, ನಾನು ಇಳಿಸುತ್ತೇನೆ ಎಂದೆಲ್ಲ ಹೇಳಿದೆ. ಮಗುವಿಗೆ ಸಮಾಧಾನ ಮಾಡುವ ದನಿಯಲ್ಲಿ. ಅಮ್ಮ ನನ್ನನ್ನೇ ನೋಡುತ್ತಿದ್ದರು. ಎರಡನೆಯ ಬಾರಿ ಕೇಳಲಿಲ್ಲ. ಆಯ್ತು ಮಗಾ ಅಂದರು, ಬಾಗಿಲು ತೆಗೆಯಲು ಹೇಳಿದರು, ಸೆಕೆಯಾಗುತ್ತದೆ ಎಂದು.

ಮರುದಿನ ಟೀಚರ್ ಬಳೆ ಬಿಚ್ಚಿ, ಪಿನ್ನು ತೆಗೆದು, ತಕ್ಕಡಿ ಹತ್ತಿ ಕಣ್ಣು ಮುಚ್ಚಿದರು. ನಾನು ಗುಂಡು ಸರಿಸಿದೆ. ಎಪ್ಪತ್ತೆರಡೂವರೆ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಎಷ್ಟು ಹೊತ್ತೋ ಈಗ ನೆನಪಿಲ್ಲ... ಹೊರಗೆ ಯಾರದೋ ಸೈಕಲ್ ಹೋಯಿತು. ಎಷ್ಟು ಮಾರಾಯ್ತಿ ಎಂದರು ಟೀಚರ್ ಕಣ್ಣು ಮುಚ್ಚಿಕೊಂಡೇ. ಎಪ್ಪತ್ತೆರಡೂವರೆ ಅಂದೆ.

ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿದ್ದರು. ಎಷ್ಟಾಯ್ತು ಎಂದು ಕೇಳಿದರು. ಟೀಚರ್ ಹೇಳಿದರು. ಅಮ್ಮ ನನ್ನ ಕಡೆ ಒಮ್ಮೆ ನೋಡಿ, ಕಾಲು ನೀವಿಕೊಳ್ಳತೊಡಗಿದರು. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು.

ಮಳೆ ಹಿಡಿದ ಮೇಲೆ ಅಮ್ಮ ಹಾಸಿಗೆಯಿಂದ ಏಳಲಿಲ್ಲ. ಜೂನ್ ಮಧ್ಯದಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಹೋದರು. ನಾಡಿ ಹಿಡಿದುಕೊಂಡಿದ್ದವಳು ನಾನೇ. ನಿಂತ ಮೇಲೂ ಬೆರಳು ತೆಗೆಯದೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ, ಅದು ಕಲಿಸಿದ ಕ್ರಮ. ಆ ವಾರ ಟೀಚರ್ ಎಷ್ಟಿದ್ದರು ಎಂದು ಯಾರೂ ನೋಡಲಿಲ್ಲ. ನನ್ನ ಕಣ್ಣಂದಾಜಿನಲ್ಲಿ ಎಪ್ಪತ್ತಕ್ಕೂ ಕೆಳಗೆ ಬಂದಿದ್ದರು.

ಹದಿಮೂರನೆಯ ದಿನದ ಕೆಲಸಕ್ಕೆ ಎಲ್ಲರೂ ಸೇರಿದ್ದರು. ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಮಾವ, ಅಂದರೆ ಅಮ್ಮನ ತಮ್ಮ, ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಮುಡಿಪಿನ ಬೆಲ್ಲ ಹಂಚಿ ತಿಂದ ಮನೆ ಇದು. ಅಕ್ಕನಿಗೂ ತಿನ್ನಿಸಿದ್ದಾರೆ. ಇನ್ನೆಂತ ಆಗುದು?”

ಟೀಚರ್ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಆ ಬೆಲ್ಲವನ್ನು ಅಲ್ಲಿದ್ದ ಅರ್ಧ ಜನ ತಿಂದಿದ್ದರು, ಮಾವನೇ ಎರಡು ಸಲ ತಿಂದಿದ್ದರು. ನಂದೂ ಅಲ್ಲ ದೇವರದ್ದೂ ಅಲ್ಲ ಎಂದು ಲೆಕ್ಕ ಹೇಳಿದ ಟೀಚರ್ ಬಾಯಿ ಬಿಡಲಿಲ್ಲ. ನಂಬಿಬಿಟ್ಟರು. ನಾನು ಅದನ್ನು ಅವರ ಮುಖದಲ್ಲಿ ನೋಡಿದೆ, ಎಲೆ ಎತ್ತುತ್ತಿದ್ದವಳು ನೋಡಿದೆ. ಅಮ್ಮ ಬೇಕಾದದ್ದನ್ನು ನೋಡದೆ ಹೋದದ್ದು ಬೆಲ್ಲದಿಂದಲ್ಲ ಎಂದು ಹೇಳಬಹುದಾದವಳು ಆ ಅಂಗಳದಲ್ಲಿ ನಾನೊಬ್ಬಳೇ. ಎಲೆಗಳನ್ನು ಹೊರಗೆ ಹಾಕಿ ಬಂದು ಕೈ ತೊಳೆದೆ.

ಉಳಿದ ಬೆಲ್ಲವನ್ನು ಆ ಮಳೆಗಾಲದಲ್ಲಿ ಯಾರೂ ಮುಟ್ಟಲಿಲ್ಲ. ಅಟ್ಟದಲ್ಲಿ ಅದು ನೀರಾಗಿ ಹಲಗೆಯ ಸಂದಿನಿಂದ ನನ್ನ ಕೋಣೆಗೆ ಇಳಿಯಿತು. ಪಾತ್ರೆ ಇಟ್ಟೆ. ಇರುವೆ ಸಾಲು ಹಾಸಿಗೆಯವರೆಗೂ ಬಂತು. ಕೊನೆಗೆ ಮಾವ ಆಳು ಕಳಿಸಿ ಉಳಿದದ್ದನ್ನೆಲ್ಲ ಹೊಳೆಗೆ ಬಿಡಿಸಿದರು.

ಅಡುಗೆಗೆ ತೆಂಗಿನಕಾಯಿ ವಾಪಸು ಬಂತು. ಟೀಚರ್ ಸಿಟ್ಟಿನಿಂದಲೋ ದುಃಖದಿಂದಲೋ ತಿಂದರು ಎನ್ನಲಾರೆ, ಎದುರಿಗೆ ಬಂದದ್ದನ್ನು ತಿನ್ನುತ್ತಿದ್ದರು, ಅಷ್ಟೇ. ಮರ್ದಾಳದ ದಾರಿಯ ನಡಿಗೆ ನಿಂತಿತು. ಟೈಲರಣ್ಣ ಹೊಲಿಗೆಗಳನ್ನು ಮತ್ತೆ ಬಿಚ್ಚಿ ಅಗಲ ಮಾಡಿಕೊಟ್ಟ. ಭಾನುವಾರ ಬಂದರೆ ನಾವಿಬ್ಬರೂ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದೆವು. ಬನ್ನಿ ಎಂದು ನಾನು ಕರೆಯಲಿಲ್ಲ, ಬರುತ್ತೇನೆ ಎಂದು ಅವರು ಹೇಳಲಿಲ್ಲ. ಒಂದೇ ಮನೆಯಲ್ಲಿದ್ದೆವು, ಒಟ್ಟಿಗೇ ಉಣ್ಣುತ್ತಿದ್ದೆವು, ಆದರೆ ಮಾತು ಬೇಕಾದಷ್ಟಕ್ಕೇ ಬಂದು ನಿಂತಿತು.

ಸೂತಕದ ವರ್ಷ ಕಳೆದು, ಮತ್ತೊಂದು ಮಳೆಗಾಲ ಮುಗಿದ ಮೇಲೆ ಹರಕೆ ತೀರಿಸಲು ಹೋದೆವು. ಟೀಚರ್, ಮಾವ, ನಾನು. ಬೆಲ್ಲವನ್ನು ಸುಬ್ರಹ್ಮಣ್ಯದಲ್ಲೇ ಕೊಂಡದ್ದು. ಟೀಚರ್ ಆಗ ಮೊದಲಿಗಿಂತಲೂ ದಪ್ಪ. ಬಸ್ಸಿನಲ್ಲಿ ನಾವಿಬ್ಬರು ಕೂತ ಸೀಟಿಗೆ ಕಂಡಕ್ಟರ್ ಯಾರನ್ನೂ ಕಳಿಸಲಿಲ್ಲ.

ತಕ್ಕಡಿಯ ಒಂದು ತಟ್ಟೆಯನ್ನು ಇಬ್ಬರು ಹಿಡಿದುಕೊಂಡರು, ಟೀಚರ್ 'ದೇವರೇ' ಅಂದುಕೊಂಡು ಕೂತರು. ಎದುರಿನ ತಟ್ಟೆಗೆ ಬೆಲ್ಲದ ಚೀಲಗಳನ್ನು ಇಟ್ಟರು, ಇನ್ನೊಂದು ಇಟ್ಟರು, ನಾಲ್ಕು ಉಂಡೆ ಸೇರಿಸಿದರು, ಒಂದು ತೆಗೆದರು. ತಟ್ಟೆ ಮೇಲೆದ್ದಿತು. ಆರತಿಯಾಯಿತು. ಇಳಿಯಿರಿ ಅಂದರು. ನಮ್ಮ ಹಿಂದೆ ಬಾಳೆಹಣ್ಣಿನ ತುಲಾಭಾರಕ್ಕೆ ಬಂದ ಒಂದು ಮಗು ತಲೆ ಬೋಳಿಸಿಕೊಂಡು ಕಿರುಚುತ್ತಿತ್ತು. ನೋಡುವವರೆಲ್ಲ ಆ ಮಗುವನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ. ಸರಪಳಿಗೆ ಏನೂ ಆಗಲಿಲ್ಲ. ಹತ್ತು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಆ ತಕ್ಕಡಿಯಲ್ಲಿ ಸಂಖ್ಯೆ ಎನ್ನುವುದೇ ಇರಲಿಲ್ಲ. ಇಷ್ಟು ಕಿಲೋ ಎಂದು ಅಲ್ಲಿ ಯಾರೂ ಓದುವುದಿಲ್ಲ, ಯಾರಿಗೂ ಬೇಕಾಗಿಯೂ ಇಲ್ಲ. ನಾನು ಅದನ್ನು ಮೊದಲ ಸಲ ನೋಡಿದ್ದು ಆವತ್ತೇ. ಪುತ್ತೂರಿನಲ್ಲಿ ಹುಟ್ಟಿ ಬೆಳೆದವಳು, ನೋಡಿರಬಹುದಿತ್ತು.

ಊಟವಾದ ಮೇಲೆ ಮಾವ ಯಾರನ್ನೋ ಮಾತಾಡಿಸಲು ಹೋದರು. ನಾವಿಬ್ಬರು ಒಂದು ಲಾಡ್ಜಿನ ಮೆಟ್ಟಿಲ ಮೇಲೆ ಬಸ್ಸು ಕಾಯುತ್ತ ಕೂತೆವು. ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು.

“ಹೋದ ವರ್ಷ ರಜೆಯಲ್ಲಿ, ಒಂದು ಶನಿವಾರ, ನಾನು ಪೇಟೆಯಿಂದ ಬರುವಾಗ ನೀನು ಅಮ್ಮನ ಕೋಣೆಯಿಂದ ಬಂದೆ. ಅಮ್ಮ ನಿನ್ನತ್ರ ಎಂತ ಹೇಳಿದ್ದು ಆವತ್ತು?”

ಕೇಳುವಾಗ ನನ್ನ ಮುಖ ನೋಡಲಿಲ್ಲ. ಎದುರಿನ ಬಸ್ಸುಗಳನ್ನು ನೋಡುತ್ತಿದ್ದರು.

“ಎಂತ ಇಲ್ಲ ಟೀಚರ್” ಅಂದೆ. “ಕಾಲುನೋವಿಗೆ ಮಾತ್ರೆ ಕೇಳಿದ್ರು.”

ಹೌದಾ ಅಂದರು. ಆಮೇಲೆ ಬಸ್ಸು ಬಂತು.

ಮುಂದಿನ ವರ್ಷ ನನಗೆ ಜಾಲ್ಸೂರಿನ ಕಡೆಗೆ ವರ್ಗವಾಯಿತು. ಹೊರಡುವ ದಿನ ಟೀಚರ್ ಒಂದು ಸೀರೆ ಕೊಟ್ಟರು. ಕಾಗದ ಬರೆಯುತ್ತಿದ್ದರು, ನಾನೂ ಬರೆಯುತ್ತಿದ್ದೆ. ನನಗೆ ಮದುವೆಯಾಯಿತು, ಮಕ್ಕಳಾದರು, ಅವರಿಗೆ ಹೆಡ್ಮಿಸ್ಸಾಗಿ ಬಡ್ತಿಯಾಯಿತು. ಕಾಗದದಲ್ಲಿ ಅಮ್ಮನ ಸುದ್ದಿ ಬಂದಾಗಲೆಲ್ಲ ಒಂದೇ ಮಾತು ಬರೆಯುತ್ತಿದ್ದರು, ಆ ಬೆಲ್ಲ ಮುಟ್ಟಬಾರದಿತ್ತು ಎಂದು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಪೆನ್ನು ಹಿಡಿದೆ. ನಿಜ ಹೇಳಿದರೆ ಬೆಲ್ಲದ ಭಾರ ಇಳಿಯುತ್ತಿತ್ತೋ, ಅಥವಾ ಎಪ್ಪತ್ತೆಂದು ಹಟ ಹಿಡಿದದ್ದು ತಾನು ಎನ್ನುವ ಇನ್ನೊಂದು ಭಾರ ಏರುತ್ತಿತ್ತೋ... ಹೀಗೆ ಯೋಚಿಸುತ್ತ ಮಕ್ಕಳ ಶಾಲೆ, ಮಳೆ, ಆರೋಗ್ಯ ಎಂದು ಬರೆದು ಅಂಟಿಸುತ್ತಿದ್ದೆ. ಹೆದರಿದ್ದು ಅವರಿಗಾಗಿ ಅಲ್ಲ, ನನಗಾಗಿ. ಈಗ ಅದನ್ನು ಬರೆಯಲು ಅಡ್ಡಿಯಿಲ್ಲ.

ರಿಟೈರಾದ ಮೇಲೆ ಟೀಚರ್ ಬೆಟ್ಟಂಪಾಡಿಯಲ್ಲಿ ಸಂಬಂಧಿಕರ ಮಗಳ ಮನೆಯಲ್ಲಿದ್ದರು. ಪುತ್ತೂರಿನಿಂದ ಅರ್ಧ ಗಂಟೆಯ ದಾರಿ. ವರ್ಷಕ್ಕೆ ಎರಡು ಸಲ ಹೋಗಿ ಬರುತ್ತಿದ್ದೆ, ಪ್ರತಿ ಸಲವೂ ಈ ಸಲ ಹೇಳುತ್ತೇನೆ ಎಂದುಕೊಂಡೇ. ಈ ಬೇಸಿಗೆಯಲ್ಲಿ ಅವರು ಹೋದರು. ಕೊನೆಯಲ್ಲಿ ತುಂಬ ಸಪೂರವಾಗಿದ್ದರಂತೆ. ಹದಿಮೂರನೆಯ ದಿನಕ್ಕೆ ಹೋದೆ. ನನ್ನ ಗುರುತಿಲ್ಲದ ಒಬ್ಬಳು ಹುಡುಗಿ ಬಡಿಸುತ್ತ, ನಿಮಗೆ ಟೀಚರ್ ಹೇಗೆ ಪರಿಚಯ ಎಂದು ಕೇಳಿದಳು. ಬಹಳ ಹಿಂದೆ ಅವರ ತೂಕ ನೋಡುತ್ತಿದ್ದೆ ಎಂದೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ಊಟ ಮಾಡಿದೆ, ಪಾಯಸ ಬೇಡವೆಂದೆ, ಮೂರು ಗಂಟೆಯ ಬಸ್ಸಿಗೆ ಬಂದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಸುಳ್ಳು ಹೇಳಲು ಬಾರದವಳು ಎಂದು ನನ್ನ ಬಗ್ಗೆ ನಾನೇ ಎಣಿಸಿಕೊಂಡಿದ್ದೆ. ಟೀಚರ್ ಹತ್ತಿರ ನಾನು ಹೇಳಿದ್ದು ಒಂದೇ ಸುಳ್ಳು. ಅದನ್ನೂ ಆ ಭಾನುವಾರ ತಕ್ಕಡಿಯ ಹತ್ತಿರ ಹೇಳದೆ, ಒಂದೂವರೆ ವರ್ಷ ತಡವಾಗಿ ಹೇಳಿದೆ.